ಆಜ್ಞೆಗಳ ಅಡ್ಡಹೆಸರು

ಪತ್ರಿಕೆಗಳ ಪೊಲೀಸು ವರದಿಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ಅಲಿಯಾಸ್’ ಎಂಬ ಶಬ್ದವನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಸಿಕ್ಕಿಬಿದ್ದ ಕಳ್ಳನಿಗೆ ಒಂದು ಹೆಸರು ಸಾಲದು. ಇಂಥವನು ಅಲಿಯಾಸ್ ಅಂಥವನು ಎಂದು ಬರೆದಾಗಲೇ ವರದಿಗಾರನಿಗೆ ತೃಪ್ತಿ, ಓದುಗನಿಗೆ ನಂಬಿಕೆ. ಇದರಿಂದಾಗಿ ಆ ಲ್ಯಾಟಿನ್ ಶಬ್ದಕ್ಕೆ ನಮ್ಮಲ್ಲಿ ಸ್ವಲ್ಪ ಅಪಕೀರ್ತಿ ಅಂಟಿಕೊಂಡಿದೆ. ಮೂಲದಲ್ಲಿ ಅದಕ್ಕಿರುವುದು ‘ಬೇರೊಂದು ವೇಳೆಯಲ್ಲಿ’, ‘ಬೇರೊಂದು ಬಗೆಯಲ್ಲಿ’ ಎಂಬ ನಿರಪಾಯವಾದ ಅರ್ಥ ಮಾತ್ರ. ಮಾಸ್ತಿಯವರು ‘ಶ್ರೀನಿವಾಸ’ರಾದಾಗ, ಬೇಂದ್ರೆಯವರು ‘ಅಂಬಿಕಾತನಯದತ್ತ’ರಾದಾಗ ಅದನ್ನು ನಾವು ಕಾವ್ಯನಾಮವೆಂದು ಗೌರವದಿಂದ ಕರೆದೆವು, ವ್ಯವಹಾರ ಒಂದೇ, ಮರ್ಯಾದೆ ಬೇರೆ. ಇರಲಿ. ಇಲ್ಲಿ ನಾನು ಹೇಳಹೊರಟಿರುವುದು ಕಳ್ಳರ ವಿಷಯವೂ ಅಲ್ಲ, ಕವಿಗಳ ವಿಷಯವೂ ಅಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಅಕ್ಷರಗಳ ಮೂಲಕ ಆಜ್ಞೆ ಕೊಡುವವರು ಆ ಆಜ್ಞೆಗಳಿಗೆ ತಾವೇ ಇಟ್ಟುಕೊಳ್ಳುವ ಅಡ್ಡಹೆಸರುಗಳ ವಿಷಯ. ಅವಕ್ಕೂ ಅಲಿಯಾಸ್ ಎಂದೇ ಹೆಸರು.

ಕಂಪ್ಯೂಟರನ್ನು ಚಿತ್ರಗಳ ಮೇಲೆ ಬೆರಳೊತ್ತಿ ನಡೆಸುವುದು ಇಂದು ಮಕ್ಕಳಿಗೂ ಬರುತ್ತದೆ. ಆದರೆ ಚಿತ್ರಗಳ ಕಾಲಕ್ಕಿಂತ ಹಿಂದಿನದಾದ, ಇನ್ನೂ ಬಳಕೆ ತಪ್ಪದಿರುವ ಮತ್ತೊಂದು ಕ್ರಮವಿದೆ. ಖಾಲಿ ಪರದೆಯ ಮೇಲೆ ಒಂದು ಸಾಲು ಬರೆದುಕೊಟ್ಟರೆ ಯಂತ್ರ ಅದನ್ನು ಓದಿ, ಹೇಳಿದ್ದನ್ನು ಮಾಡಿ, ಇನ್ನೊಂದು ಸಾಲಿಗಾಗಿ ಕಾಯುತ್ತ ನಿಲ್ಲುತ್ತದೆ. ನಮ್ಮ ಸಾಲನ್ನು ಓದಿ ಒಳಗಿನ ವ್ಯವಸ್ಥೆಗೆ ತಲಪಿಸುವ ಮಧ್ಯಸ್ಥನಿಗೆ ‘ಷೆಲ್’, ಎಂದರೆ ಚಿಪ್ಪು, ಎಂದು ಹೆಸರು. ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಲಿನಕ್ಸ್ ಕಲಿಯುವ ವಿದ್ಯಾರ್ಥಿಗಳು ಮೊದಲ ಪಾಠದಲ್ಲಿಯೇ ಇದನ್ನು ಎದುರಿಸುತ್ತಾರೆ. ‘ಎಲ್‌ಎಸ್’ ಎಂದರೆ ಕಡತಗಳ ಪಟ್ಟಿ. ‘ಸಿಪಿ’ ಎಂದರೆ ನಕಲು. ‘ಎಂವಿ’ ಎಂದರೆ ಸ್ಥಳಾಂತರ. ‘ಆರ್‌ಎಂ’ ಎಂದರೆ ಅಳಿಸುವುದು. ಹೆಸರು ಬರೆದಾದ ಮೇಲೆ ಒಂದು ಅಡ್ಡಗೆರೆಯನ್ನೂ ಅದರ ಬೆನ್ನಿಗೆ ಒಂದಕ್ಷರವನ್ನೂ ಸೇರಿಸಿದರೆ ಆಜ್ಞೆಯ ನಡವಳಿಕೆ ಬದಲಾಗುತ್ತದೆ. ವ್ಯಾಕರಣ ಇಷ್ಟೇ. ಆದರೆ ಈ ಅಕ್ಷರಗಳ ಬಾಲ ಬೆಳೆಯುತ್ತ ಹೋದಂತೆ, ದಿನಕ್ಕೆ ಐವತ್ತು ಸಲ ಅದೇ ಸಾಲನ್ನು ಬರೆಯಬೇಕಾದವನಿಗೆ ಬೇಸರ ಬರುವುದು ಸಹಜ.

ಈ ಹೆಸರುಗಳೇ ಇಷ್ಟು ಗಿಡ್ಡವಾಗಿರುವಾಗ ಇನ್ನೂ ಗಿಡ್ಡ ಹೆಸರುಗಳು ಏಕೆ ಬೇಕು ಎಂದು ಕೇಳುವವರುಂಟು. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ೧೯೬೯ರಲ್ಲಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ಅವರ ಮುಂದಿದ್ದದ್ದು ಹೊಳೆಯುವ ಪರದೆಯಲ್ಲ. ಕಾಗದದ ಮೇಲೆ ಅಕ್ಷರಗಳನ್ನು ಕುಟ್ಟುವ ಟೆಲಿಟೈಪ್ ಯಂತ್ರ. ೩೩ನೆಯ ಮಾದರಿಯ ಟೆಲಿಟೈಪಿನ ವೇಗ ಸೆಕೆಂಡಿಗೆ ಹತ್ತು ಅಕ್ಷರ; ಅದರ ಕೀಲಿಗಳನ್ನು ಒತ್ತುವುದಕ್ಕೆ ಬೆರಳಿನಲ್ಲಿ ಬಲವೂ ಬೇಕಾಗಿತ್ತು. ಅಂಥ ಯಂತ್ರದ ಮುಂದೆ ಕುಳಿತವರು ಪದಗಳ ಸ್ವರಗಳನ್ನು ಉದುರಿಸಿ ಎರಡೆರಡು ವ್ಯಂಜನಗಳಲ್ಲಿ ಮಾತಾಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಕಡತವನ್ನು ಹುಟ್ಟಿಸುವ ಕರೆಗೆ ಅವರು ‘ಕ್ರಿಯೇಟ್’ ಎಂಬ ಇಂಗ್ಲಿಷ್ ಪದದ ಕೊನೆಯ ‘ಇ’ಯನ್ನು ಕೂಡ ಕತ್ತರಿಸಿ ಹೆಸರಿಟ್ಟರು. ಯುನಿಕ್ಸನ್ನು ಮತ್ತೊಮ್ಮೆ ಕಟ್ಟುವುದಾದರೆ ಏನನ್ನು ಬದಲಿಸುವಿರಿ ಎಂದು ಕೇಳಿದಾಗ ಥಾಂಪ್ಸನ್ನರು, ಆ ಒಂದಕ್ಷರವನ್ನು ಸೇರಿಸುತ್ತೇನೆ ಎಂದು ಉತ್ತರ ಕೊಟ್ಟರಂತೆ. ಅಂದರೆ ನಾವು ಇಂದು ಆಜ್ಞೆಗಳ ‘ನಿಜವಾದ’ ಹೆಸರುಗಳೆಂದು ತಿಳಿದಿರುವುವೂ ಒಂದು ಕಾಲದ ಸೋಮಾರಿತನದ, ಸಕಾರಣವಾದ ಸೋಮಾರಿತನದ, ಫಲವೇ. ಹಾಗಿದ್ದೂ ಅವು ನಿಂತುವು. ಐವತ್ತು ವರ್ಷಗಳಿಗೂ ಮೇಲ್ಪಟ್ಟು ಲೋಕದ ಎಲ್ಲೆಡೆಯ ಯಂತ್ರಗಳಲ್ಲಿ ಅದೇ ಹೆಸರು ಅದೇ ಕೆಲಸವನ್ನು ಮಾಡುತ್ತ ಬಂದಿರುವುದರಿಂದ ಅವು ಸಾರ್ವಜನಿಕ ಭಾಷೆಯ ಪದವಿಗೆ ಏರಿದುವು. ನನ್ನ ವಾದವೆಲ್ಲ ಈ ‘ಸಾರ್ವಜನಿಕ’ ಎಂಬ ಮಾತಿನ ಮೇಲೆ ನಿಂತಿದೆ.

ಪ್ರತಿಯೊಬ್ಬನೂ ತನಗೆ ಬೇಕಾದ ಹೆಸರನ್ನು ಇಟ್ಟುಕೊಳ್ಳುವ ಸೌಕರ್ಯವನ್ನು ತಂದುಕೊಟ್ಟವರಲ್ಲಿ ಮುಖ್ಯರು ಬಿಲ್ ಜಾಯ್. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿದ್ದಾಗ, ಎಪ್ಪತ್ತರ ದಶಕದ ಕೊನೆಯಲ್ಲಿ, ಅವರು ರಚಿಸಿದ ಸಿ-ಷೆಲ್‌ನಲ್ಲಿ ಅಲಿಯಾಸ್ ಇತ್ತು. ೧೯೭೯ರಲ್ಲಿ ಬೆಲ್ ಪ್ರಯೋಗಾಲಯದಿಂದ ಹೊರಬಂದ ಸ್ಟೀಫನ್ ಬೋರ್ನರ ಷೆಲ್‌ನಲ್ಲಿ ಅದಿರಲಿಲ್ಲ. ಡೇವಿಡ್ ಕಾರ್ನ್ ಅವರ ಷೆಲ್ ೧೯೮೩ರಲ್ಲಿ ಇವೆರಡರ ಗುಣಗಳನ್ನೂ ಕೂಡಿಸಿಕೊಂಡಿತು. ೧೯೮೯ರಲ್ಲಿ ಬ್ರಯನ್ ಫಾಕ್ಸರು ಬರೆದ ‘ಬ್ಯಾಷ್’ ಅದೇ ದಾರಿ ಹಿಡಿಯಿತು. ಇಂದು ಅಲಿಯಾಸ್ ಇಲ್ಲದ ಷೆಲ್ ಸಿಗುವುದು ಅಪರೂಪ.

ಇದರ ಕೆಲಸ ಬಹಳ ಸರಳ. ‘ಎಲ್‌ಎಲ್’ ಎಂದರೆ ‘ಎಲ್‌ಎಸ್’ಗೆ ಇಂತಿಂಥ ಅಕ್ಷರಗಳನ್ನು ಸೇರಿಸಿದ್ದು ಎಂದು ಒಂದು ಸಾಲಿನಲ್ಲಿ ಬರೆದಿಟ್ಟರೆ, ಆಮೇಲೆ ಸಾಲಿನ ಮೊದಲ ಪದವಾಗಿ ‘ಎಲ್‌ಎಲ್’ ಬಂದಾಗಲೆಲ್ಲ ಷೆಲ್ ಅದನ್ನು ಕಿತ್ತು ಅದರ ಜಾಗದಲ್ಲಿ ಆ ದೊಡ್ಡ ಸಾಲನ್ನು ಇಡುತ್ತದೆ. ಉಬುಂಟು ಲಿನಕ್ಸಿನಲ್ಲಿ ಈ ‘ಎಲ್‌ಎಲ್’ ಹೇಳದೆ ಕೇಳದೆ ಮೊದಲೇ ಸಿದ್ಧವಾಗಿರುತ್ತದೆ. ಇದು ಪದಕ್ಕೆ ಪದವನ್ನು ಬದಲಿಸುವ ಕ್ರಿಯೆಯೇ ಹೊರತು ಅದರಲ್ಲಿ ವಿವೇಚನೆಯೇನೂ ಇಲ್ಲ. ಪಾಣಿನಿಯ ವ್ಯಾಕರಣವನ್ನು ಓದಿದವರಿಗೆ ಪ್ರತ್ಯಾಹಾರಗಳ ನೆನಪು ಬರಬಹುದು: ‘ಅಚ್’ ಎಂದರೆ ಸ್ವರಗಳೆಲ್ಲ, ‘ಹಲ್’ ಎಂದರೆ ವ್ಯಂಜನಗಳೆಲ್ಲ. ಅಲ್ಲಿಯೂ ಹ್ರಸ್ವವಾದ ಒಂದು ಸಂಜ್ಞೆ ದೀರ್ಘವಾದ ಒಂದು ಸಮೂಹದ ಪರವಾಗಿ ನಿಲ್ಲುತ್ತದೆ. ಆದರೆ ಪಾಣಿನಿಯ ಸಂಜ್ಞೆಗಳು ವೈಯಾಕರಣರೆಲ್ಲರಿಗೂ ಸಮಾನ. ಷೆಲ್ಲಿನ ಅಲಿಯಾಸ್ ಅದನ್ನು ಇಟ್ಟವನ ಮನೆಯ ಹೊಸಿಲು ದಾಟುವುದಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಅಲಿಯಾಸುಗಳಲ್ಲಿ ಎರಡು ಜಾತಿ. ಹಿಂದೆ ಇಲ್ಲದಿದ್ದ ಒಂದು ಹೊಸ ಹೆಸರನ್ನು ಉದ್ದವಾದ ಒಂದು ಆಜ್ಞೆಗೆ ಕೊಡುವುದು ಒಂದು. ಈಗಾಗಲೇ ಇರುವ ಆಜ್ಞೆಯೊಂದರ ಹೆಸರಿನ ಮೇಲೆಯೇ ಬೇರೊಂದು ನಡವಳಿಕೆಯನ್ನು ಹೊದಿಸುವುದು ಇನ್ನೊಂದು. ಮೊದಲನೆಯದನ್ನು ಅಡ್ಡಹೆಸರು ಎನ್ನಬಹುದು. ಎರಡನೆಯದನ್ನು ಮುಖವಾಡ ಎನ್ನದೆ ವಿಧಿಯಿಲ್ಲ. ಅಡ್ಡಹೆಸರುಗಳ ವಿಷಯದಲ್ಲಿ ನನಗೆ ಯಾವ ಆಕ್ಷೇಪಣೆಯೂ ಇಲ್ಲ. ಮುಖವಾಡಗಳ ವಿಷಯದಲ್ಲಿ, ಅದರಲ್ಲೂ ಅವನ್ನು ವಿದ್ಯಾರ್ಥಿಗಳ ಕೈಗೆ ಕೊಡುವ ವಿಷಯದಲ್ಲಿ, ಬಲವಾದ ಆಕ್ಷೇಪಣೆಯಿದೆ.

ಮುಖವಾಡಗಳಲ್ಲೆಲ್ಲ ಪ್ರಸಿದ್ಧವಾದದ್ದೂ ಸಾಧುವೆಂದು ಹೆಸರು ಪಡೆದದ್ದೂ ‘ಆರ್‌ಎಂ’ ಆಜ್ಞೆಯದು. ಈ ಆಜ್ಞೆ ಬಲು ನಿರ್ದಾಕ್ಷಿಣ್ಯವಾದದ್ದು. ಚಿತ್ರಗಳ ಲೋಕದಲ್ಲಿರುವಂತೆ ಅಳಿಸಿದ ಕಡತವನ್ನು ಒಂದು ಕಸದ ಬುಟ್ಟಿಯಲ್ಲಿಟ್ಟು, ಬೇಕಾದರೆ ನಾಳೆ ಬಂದು ತೆಗೆದುಕೊಂಡು ಹೋಗು ಎಂದು ಅದು ಹೇಳುವುದಿಲ್ಲ. ಹೋದದ್ದು ಹೋಯಿತು. ಆದರೆ ಅದರ ಜೊತೆಗೆ ‘ಐ’ ಅಕ್ಷರವನ್ನು ಸೇರಿಸಿದರೆ ಪ್ರತಿಯೊಂದು ಕಡತಕ್ಕೂ ‘ಅಳಿಸಲೆ?’ ಎಂದು ಕೇಳುತ್ತದೆ. ಆದ್ದರಿಂದ ‘ಆರ್‌ಎಂ’ ಎಂದರೇನೇ ‘ಐ’ ಸಹಿತವಾದ ಆರ್‌ಎಂ ಎಂದು ಅಲಿಯಾಸ್ ಮಾಡಿಬಿಟ್ಟರೆ ಅಪಾಯವೇ ಇಲ್ಲವಲ್ಲ ಎಂದು ಅನೇಕರು ಯೋಚಿಸಿದರು. ರೆಡ್ ಹ್ಯಾಟ್ ಲಿನಕ್ಸಿನಲ್ಲಿ ಸರ್ವಾಧಿಕಾರಿಯಾದ ‘ರೂಟ್’ ಬಳಕೆದಾರನಿಗೆ ಬಹುಕಾಲ ಈ ಅಲಿಯಾಸನ್ನು ಹುಟ್ಟುತ್ತಲೇ ಕಟ್ಟಿಕೊಡುತ್ತಿದ್ದರು. ನಕಲಿನ ಆಜ್ಞೆಗೂ ಸ್ಥಳಾಂತರದ ಆಜ್ಞೆಗೂ ಅದೇ ಉಪಚಾರ.

ಉದ್ದೇಶ ಒಳ್ಳೆಯದು, ಪರಿಣಾಮವನ್ನು ನೋಡಬೇಕು. ಒಬ್ಬ ವಿದ್ಯಾರ್ಥಿ ಎರಡು ವರ್ಷ ಇಂಥ ಯಂತ್ರದ ಮೇಲೆ ಕೆಲಸ ಮಾಡುತ್ತಾನೆಂದು ಭಾವಿಸೋಣ. ಅವನ ಮನಸ್ಸಿನಲ್ಲಿ ‘ಆರ್‌ಎಂ’ ಎಂದರೆ ಕೇಳಿ ಅಳಿಸುವ ಆಜ್ಞೆ. ಕಡತಗಳ ಹೆಸರನ್ನು ಸರಿಯಾಗಿ ನೋಡುವ ಕೆಲಸವನ್ನು ಅವನು ಆಜ್ಞೆ ಬರೆಯುವ ಮುನ್ನ ಮಾಡುವುದಿಲ್ಲ. ಹೇಗೂ ಕೇಳುತ್ತದೆ, ಆಗ ನೋಡಿದರಾಯಿತು ಎಂದು ಮುಂದಕ್ಕೆ ಹಾಕುತ್ತಾನೆ. ಒಂದು ನಕ್ಷತ್ರ ಚಿಹ್ನೆ ಹಾಕಿ ಇಡೀ ಕೋಶದ ಕಡತಗಳನ್ನು ಹೆಸರಿಸುತ್ತಾನೆ. ಬೇಡವಾದುದಕ್ಕೆ ‘ಹೌದು’, ಬೇಕಾದುದಕ್ಕೆ ‘ಅಲ್ಲ’ ಎನ್ನುತ್ತ ಹೋಗುತ್ತಾನೆ. ಇದು ಅವನ ಬೆರಳಿಗೆ ಹತ್ತಿದ ಅಭ್ಯಾಸ. ಆಮೇಲೆ ಒಂದು ದಿನ ಬೇರೆಯ ಯಂತ್ರದ ಮುಂದೆ, ಕೆಲಸಕ್ಕೆ ಸೇರಿದ ಕಂಪೆನಿಯಲ್ಲೋ ಗೆಳೆಯನ ಕೋಣೆಯಲ್ಲೋ, ಕುಳಿತುಕೊಳ್ಳುತ್ತಾನೆ. ಅಲ್ಲಿ ಆ ಅಲಿಯಾಸ್ ಇಲ್ಲ. ಅದೇ ಬೆರಳು ಅದೇ ಸಾಲನ್ನು ಬರೆಯುತ್ತದೆ. ಯಂತ್ರ ಏನನ್ನೂ ಕೇಳುವುದಿಲ್ಲ. ಪರದೆಯ ಮೇಲೆ ಏನೂ ಆಗಲಿಲ್ಲವೆಂಬಂತೆ ಮುಂದಿನ ಸಾಲಿಗೆ ಜಾಗ ಬಿಟ್ಟು ಕಾಯುತ್ತದೆ. ಅಳಿದುಹೋದದ್ದು ಯಾರದೋ ಮೂರು ತಿಂಗಳ ಬರವಣಿಗೆಯಾಗಿರಬಹುದು.

ಇನ್ನೊಂದು ಬಗೆಯ ಕೇಡೂ ಇದೆ. ಪ್ರತಿಯೊಂದಕ್ಕೂ ಕೇಳುವವನ ಪ್ರಶ್ನೆಗೆ ಯಾರೂ ಲಕ್ಷ್ಯ ಕೊಡುವುದಿಲ್ಲ. ನಲವತ್ತು ಸಲ ‘ಹೌದು’ ಎಂದವನು ನಲವತ್ತೊಂದನೆಯ ಸಲ ಓದಿ ‘ಹೌದು’ ಎನ್ನುತ್ತಾನೆಂದು ನಂಬುವುದು ಮನುಷ್ಯಸ್ವಭಾವವನ್ನು ತಿಳಿಯದವರ ಮಾತು. ಇಲ್ಲವೇ ಬೇಸತ್ತು, ಕೇಳದೆ ಅಳಿಸು ಎಂಬ ಅರ್ಥದ ‘ಎಫ್’ ಅಕ್ಷರವನ್ನು ಸೇರಿಸುವ ಚಟ ಹತ್ತಿಸಿಕೊಳ್ಳುತ್ತಾನೆ. ಆಗ ಅವನು ಅಲಿಯಾಸ್ ಇಲ್ಲದವನಿಗಿಂತಲೂ ಅಪಾಯಕ್ಕೆ ಹತ್ತಿರವಾದ.

ಈಗ ಅದೇ ಎಚ್ಚರಿಕೆಯನ್ನು ಅಡ್ಡಹೆಸರಿನ ಮಾರ್ಗದಲ್ಲಿ ಪಡೆಯುವುದು ಹೇಗೆಂದು ನೋಡೋಣ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಸಿಗುವ ‘ಆರ್‌ಎಂ’ಗೆ ದೊಡ್ಡಕ್ಷರದ ‘ಐ’ ಎಂಬ ಇನ್ನೊಂದು ಸೂಚನೆಯಿದೆ. ಮೂರಕ್ಕಿಂತ ಹೆಚ್ಚು ಕಡತಗಳನ್ನಾಗಲಿ ಇಡೀ ಕೋಶವನ್ನಾಗಲಿ ಅಳಿಸುವಾಗ ಒಂದೇ ಒಂದು ಸಲ ಕೇಳುತ್ತದೆ. ಇದಕ್ಕೆ ‘ಅಳಿಸು’ ಎಂದು ರೋಮನ್ ಅಕ್ಷರಗಳಲ್ಲಿ ಹೊಸದೊಂದು ಹೆಸರನ್ನು ಕೊಟ್ಟು ಅದನ್ನೇ ಬಳಸುವ ರೂಢಿ ಮಾಡಿಕೊಂಡವನು ಪರರ ಯಂತ್ರದ ಮುಂದೆ ಕುಳಿತು ‘ಅಳಿಸು’ ಎಂದು ಬರೆದರೆ ಏನಾಗುತ್ತದೆ? ಅಂಥ ಆಜ್ಞೆ ಸಿಗಲಿಲ್ಲ ಎಂದು ಷೆಲ್ ಹೇಳುತ್ತದೆ. ಅಷ್ಟೇ. ಒಂದು ಕಡತಕ್ಕೂ ಕೂದಲು ಕೊಂಕುವುದಿಲ್ಲ. ಎರಡೂ ಅಲಿಯಾಸುಗಳು ಪರಸ್ಥಳದಲ್ಲಿ ಕೈಕೊಡುವುವೇ. ಆದರೆ ಒಂದು ಕೈಕೊಟ್ಟಾಗ ನಾವು ನಿಂತುಬಿಡುತ್ತೇವೆ, ಇನ್ನೊಂದು ಕೈಕೊಟ್ಟಾಗ ಬೀಳುತ್ತೇವೆ.

ಇದು ನನ್ನೊಬ್ಬನ ಮಡಿವಂತಿಕೆಯಲ್ಲ. ೨೦೦೫ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ‘ಗಿಟ್’ ಎಂಬ ತಂತ್ರಾಂಶಕ್ಕೆ, ಎಂದರೆ ಬರಹಗಳ ಬದಲಾವಣೆಗಳನ್ನು ಕಾಲಕ್ರಮದಲ್ಲಿ ಕಾಪಾಡುವ ಸಾಧನಕ್ಕೆ, ತನ್ನದೇ ಆದ ಅಲಿಯಾಸ್ ಪದ್ಧತಿಯಿದೆ. ಅದರ ನಿಯಮದಲ್ಲಿ, ಗಿಟ್ಟಿನ ಚಾಲ್ತಿಯಲ್ಲಿರುವ ಆಜ್ಞೆಯ ಹೆಸರನ್ನು ಮುಚ್ಚುವಂತೆ ಯಾರಾದರೂ ಅಲಿಯಾಸ್ ಇಟ್ಟರೆ ಗಿಟ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನ ಮೈಕ್ರೋಸಾಫ್ಟಿನವರ ಪವರ್‌ಷೆಲ್. ಜಾಲದಿಂದ ಕಡತಗಳನ್ನು ತರುವ ‘ಕರ್ಲ್’ ಮತ್ತು ‘ವಿಗೆಟ್’ ಎಂಬ ಹೆಸರಾಂತ ತಂತ್ರಾಂಶಗಳು ತೊಂಬತ್ತರ ದಶಕದಿಂದ ಬಳಕೆಯಲ್ಲಿದ್ದುವು. ವಿಂಡೋಸಿನ ಪವರ್‌ಷೆಲ್ ಆ ಎರಡು ಹೆಸರುಗಳನ್ನೂ ತನ್ನದೇ ಬೇರೊಂದು ಆಜ್ಞೆಗೆ ಅಲಿಯಾಸ್ ಮಾಡಿತು. ಹೆಸರು ಕರ್ಲ್, ಆದರೆ ಕರ್ಲ್‌ಗೆ ಕೊಡುವ ಸೂಚನೆಗಳನ್ನು ಕೊಟ್ಟರೆ ಅದಕ್ಕೆ ಅರ್ಥವಾಗದು. ಪುಸ್ತಕ ನೋಡಿ ಬರೆದವನ ಸಾಲು ತಪ್ಪೆಂದು ಯಂತ್ರ ಹೇಳುತ್ತಿತ್ತು, ತಪ್ಪು ಅವನದಲ್ಲದಿದ್ದರೂ. ಬಹಳ ಜನ ಆಕ್ಷೇಪಿಸಿದ ಮೇಲೆ, ೨೦೧೮ರಲ್ಲಿ ಹೊರಬಂದ ಆರನೆಯ ಆವೃತ್ತಿಯಲ್ಲಿ ಆ ಎರಡು ಮುಖವಾಡಗಳನ್ನೂ ಕಳಚಿದರು.

ಇಲ್ಲಿ ಒಂದು ಪ್ರತಿವಾದವನ್ನು ಕೇಳಲೇಬೇಕು. ನನ್ನ ಯಂತ್ರ, ನನ್ನ ಬೆರಳು. ನನ್ನ ಮನೆಯಲ್ಲಿ ಉಪ್ಪಿನ ಡಬ್ಬಿಯ ಮೇಲೆ ಸಕ್ಕರೆ ಎಂದು ಬರೆದಿಟ್ಟರೆ ನಿಮಗೇನು ನಷ್ಟ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ‘ಎಲ್‌ಎಸ್’ ಕೊಡುವ ಪಟ್ಟಿಗೆ ಬಣ್ಣ ಹಚ್ಚುವಂಥ ಅಲಿಯಾಸ್ ಕೂಡ ಲಕ್ಷಣದ ಪ್ರಕಾರ ಮುಖವಾಡವೇ. ಆದರೆ ಬಣ್ಣ ಕಾಣದಿದ್ದರೆ ಯಾರ ಗಂಟೂ ಹೋಗುವುದಿಲ್ಲವಾದ್ದರಿಂದ ಅದನ್ನು ನಾನೂ ಕ್ಷಮಿಸುತ್ತೇನೆ. ಕೈಬೆರಳುಗಳಲ್ಲಿ ನೋವಿದ್ದು ಒಂದೊಂದು ಕೀಲಿಯನ್ನೂ ಎಣಿಸಿ ಒತ್ತಬೇಕಾದವರಿಗೆ ಅಲಿಯಾಸ್ ಊರುಗೋಲಿದ್ದಂತೆ. ಅವರ ಮುಂದೆ ಶುದ್ಧಾಶುದ್ಧದ ಚರ್ಚೆ ಕ್ರೌರ್ಯವಾದೀತು. ಹತ್ತಾರು ವರ್ಷ ಪಳಗಿದವರ ವಿಷಯವೂ ಬೇರೆ. ಹೆಸರಿನ ಹಿಂದೆ ಒಂದು ಓರೆಗೆರೆ ಹಾಕಿದರೆ ಷೆಲ್ ಅಲಿಯಾಸನ್ನು ಬಿಟ್ಟು ಮೂಲ ಆಜ್ಞೆಯನ್ನೇ ಹಿಡಿಯುತ್ತದೆಂದು ಅವರು ಬಲ್ಲರು. ‘ಟೈಪ್’ ಎಂದು ಬರೆದು ಮುಂದೆ ಹೆಸರು ಕೊಟ್ಟರೆ ಅದು ಅಲಿಯಾಸೋ ಅಸಲೋ ಎಂದು ಷೆಲ್ಲೇ ಹೇಳುತ್ತದೆಂದೂ ಬಲ್ಲರು. ಮುಖವಾಡದ ಹಿಂದಿನ ಮುಖ ಅವರಿಗೆ ಗೊತ್ತು. ಗೊತ್ತಿಲ್ಲದಿರುವುದು ಹೊಸಬನಿಗೆ.

ಈಚೆಗೆ ಹೊಸಬರು ಅಲಿಯಾಸುಗಳನ್ನು ತಾವು ಇಟ್ಟುಕೊಳ್ಳುವುದಿಲ್ಲ, ಕಂತೆಕಂತೆಯಾಗಿ ತಂದುಕೊಳ್ಳುತ್ತಾರೆ. ರಾಬಿ ರಸೆಲ್ ೨೦೦೯ರಲ್ಲಿ ಆರಂಭಿಸಿದ ‘ಓ ಮೈ ಜ಼ೆಡ್‌ಷೆಲ್’ ಎಂಬ ಜನಪ್ರಿಯ ಸಂಗ್ರಹದಲ್ಲಿ ಗಿಟ್ ಒಂದಕ್ಕೇ ನೂರಕ್ಕೂ ಹೆಚ್ಚು ಅಲಿಯಾಸುಗಳಿವೆ. ಅವು ಬಹುಪಾಲು ಅಡ್ಡಹೆಸರುಗಳೇ ಹೊರತು ಮುಖವಾಡಗಳಲ್ಲವಾದ್ದರಿಂದ ಕಡತಗಳಿಗೇನೂ ಭಯವಿಲ್ಲ. ಭಯವಿರುವುದು ಕಲಿಕೆಗೆ. ನಮ್ಮ ಮನೆಗಳಲ್ಲಿ ಮಗುವನ್ನು ‘ಪುಟ್ಟಿ’ ಎಂದು ಕರೆದು ಕರೆದು, ಶಾಲೆಗೆ ಸೇರಿಸುವ ದಿನ ಮೇಷ್ಟರು ಹೆಸರೇನೆಂದು ಕೇಳಿದರೆ ಅದು ‘ಪುಟ್ಟಿ’ ಎಂದೇ ಹೇಳುವುದುಂಟು. ‘ಜಿ’ ‘ಎಸ್’ ‘ಟಿ’ ಎಂದು ಮೂರಕ್ಷರ ಒತ್ತಿ ಕೆಲಸದ ಸ್ಥಿತಿಗತಿ ತಿಳಿಯುವ ತರುಣನನ್ನು, ಇದರ ಪೂರ್ಣ ರೂಪವೇನಪ್ಪ ಎಂದು ಕೇಳಿದರೆ ಆ ಮಗುವಿನ ಸ್ಥಿತಿಯೇ ಆಗುತ್ತದೆ. ಪೂರ್ಣ ರೂಪ ತಿಳಿಯದವನಿಗೆ ಅದರ ಕೈಪಿಡಿಯನ್ನು ತೆರೆಯಲು ಬಾರದು. ಬೇರೆಯವರು ಬರೆದ ಸಾಲು ಓದಲು ಬಾರದು. ತನ್ನ ತೊಂದರೆಯನ್ನು ಬೇರೆಯವರಿಗೆ ಹೇಳಲೂ ಬಾರದು. ಇದಕ್ಕೆ ‘ಫಿಷ್’ ಎಂಬ ಷೆಲ್ ಒಂದು ಜಾಣತನದ ಪರಿಹಾರ ಮಾಡಿದೆ: ಅಲ್ಲಿ ‘ಸಂಕ್ಷೇಪ’ ಎಂಬ ಇನ್ನೊಂದು ಬಗೆಯುಂಟು. ಗಿಡ್ಡ ಹೆಸರು ಬರೆದು ಖಾಲಿ ಜಾಗ ಬಿಟ್ಟೊಡನೆ ಅದು ಕಣ್ಣೆದುರಿಗೇ ಪೂರ್ಣ ರೂಪವಾಗಿ ಹಿಗ್ಗುತ್ತದೆ. ಆಮೇಲೆಯೇ ಆಜ್ಞೆ ನಡೆಯುತ್ತದೆ. ಬೆರಳಿಗೆ ವಿಶ್ರಾಂತಿ, ಕಣ್ಣಿಗೆ ಪಾಠ. ಅಲಿಯಾಸಿಗಿಂತ ಇದು ಮೇಲೆಂದು ನನ್ನ ಅಭಿಪ್ರಾಯ.

ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ತರಗತಿಯ ದೊಡ್ಡ ಪರದೆಯ ಮೇಲೆ ಆಜ್ಞೆಗಳನ್ನು ತೋರಿಸುವಾಗ ದಯವಿಟ್ಟು ನಿಮ್ಮ ಸ್ವಂತ ಅಲಿಯಾಸುಗಳನ್ನು ಬದಿಗಿಡಿ. ‘ಅನ್‌ಅಲಿಯಾಸ್’ ಎಂಬ ಆಜ್ಞೆಗೆ ‘ಎ’ ಅಕ್ಷರವನ್ನು ಸೇರಿಸಿ ಕೊಟ್ಟರೆ ಆ ಹೊತ್ತಿನ ಮಟ್ಟಿಗೆ ಎಲ್ಲವೂ ಕಳಚಿಕೊಳ್ಳುತ್ತವೆ. ಷೆಲ್ಲನ್ನು ಮತ್ತೆ ತೆರೆದರೆ ಮರಳಿ ಬರುತ್ತವೆ. ಹಾಗೆಯೇ ಪ್ರಯೋಗಶಾಲೆಯ ಯಂತ್ರಗಳಲ್ಲಿ ವಿದ್ಯಾರ್ಥಿಗಳ ಒಳಿತಿಗೆಂದು ‘ಆರ್‌ಎಂ’ಗೆ ಹಾಕಿರುವ ಮುಖವಾಡವನ್ನು ತೆಗೆದು, ಕಡತಗಳ ಪ್ರತಿ ಇಟ್ಟುಕೊಳ್ಳುವ ಪಾಠವನ್ನು ಮೊದಲ ವಾರದಲ್ಲಿಯೇ ಹೇಳುವುದು ಉತ್ತಮ.

ಅಲಿಯಾಸುಗಳನ್ನು ಇಟ್ಟುಕೊಳ್ಳಲೇಬೇಕೆನ್ನುವವರು ಅವನ್ನು ಸಾಕುವ ಕ್ರಮವನ್ನೂ ತಿಳಿಯಬೇಕು. ಸುಮ್ಮನೆ ಬರೆದ ಅಲಿಯಾಸ್ ಆ ಷೆಲ್ ಮುಚ್ಚಿದಾಗ ಸಾಯುತ್ತದೆ. ಉಳಿಯಬೇಕಾದರೆ ಷೆಲ್ ಏಳುವಾಗ ಓದುವ ಕಡತದಲ್ಲಿ ಅದನ್ನು ಬರೆದಿಡಬೇಕು. ಬ್ಯಾಷಿನಲ್ಲಿ ಅದಕ್ಕೆ ‘ಬ್ಯಾಷ್‌ಆರ್‌ಸಿ’ ಎಂದು ಹೆಸರು. ಉಬುಂಟುವಿನಲ್ಲಿ ಅಲಿಯಾಸುಗಳಿಗೆಂದೇ ಬೇರೊಂದು ಕಡತವನ್ನು ಮಾಡಿಕೊಳ್ಳಲು ಅವಕಾಶವಿಟ್ಟಿದ್ದಾರೆ, ಅದೇ ಅಚ್ಚುಕಟ್ಟು. ‘ಅಲಿಯಾಸ್’ ಎಂಬ ಪದವೊಂದನ್ನೇ ಬರೆದರೆ ಇರುವುದೆಲ್ಲದರ ಪಟ್ಟಿ ಬರುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ಓದಿ, ಏಕೆ ಇಟ್ಟೆನೆಂದು ನೆನಪಾಗದವುಗಳನ್ನು ನಿರ್ದಯವಾಗಿ ಹೊಡೆದುಹಾಕಬೇಕು. ಹೆಸರಿನ ನಡುವೆ ಬೇರೆ ಬೇರೆ ಕಡತಗಳ ಹೆಸರು ಸೇರಬೇಕಾದಂಥ ಜಟಿಲ ಕೆಲಸಗಳಿಗೆ ಅಲಿಯಾಸ್ ತಕ್ಕದ್ದಲ್ಲ. ಅದಕ್ಕೆ ‘ಫಂಕ್ಷನ್’ ಇದೆ, ಬ್ಯಾಷಿನ ಕೈಪಿಡಿಯೂ ಅದನ್ನೇ ಹೇಳುತ್ತದೆ. ಇನ್ನು, ಬೇರೆಯವರು ನಡೆಸಬೇಕಾದ ಆಜ್ಞಾಪಟ್ಟಿಗಳನ್ನು ಬರೆಯುವಾಗ ಅಲಿಯಾಸುಗಳ ಹಂಗು ಕೂಡದು. ಬ್ಯಾಷ್ ಅಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಅಲಿಯಾಸನ್ನು ಬಿಡಿಸುವುದೇ ಇಲ್ಲ. ಸಿ-ಷೆಲ್ ಮಾತ್ರ ಪಟ್ಟಿ ನಡೆಸುವಾಗಲೂ ಬಳಕೆದಾರನ ಸ್ವಂತ ಕಡತವನ್ನು ಓದುತ್ತಿದ್ದುದರಿಂದ ಒಬ್ಬನು ಬರೆದ ಪಟ್ಟಿ ಇನ್ನೊಬ್ಬನ ಅಲಿಯಾಸಿನಿಂದ ಕೆಡುವುದಿತ್ತು. ಬಲ್ಲವರು ಮೊದಲ ಸಾಲಿನಲ್ಲೇ ‘ಎಫ್’ ಅಕ್ಷರ ಸೇರಿಸಿ ಅದನ್ನು ತಡೆಯುತ್ತಿದ್ದರು.

ಕೆಲವರು ಅವಸರದಲ್ಲಿ ‘ಎಲ್‌ಎಸ್’ ಎನ್ನುವುದನ್ನು ‘ಎಸ್‌ಎಲ್’ ಎಂದು ತಿರುಗಿಸಿ ಬರೆಯುತ್ತಾರೆ. ಅದಕ್ಕೂ ಅಲಿಯಾಸ್ ಇಟ್ಟು ತಪ್ಪನ್ನೇ ಒಪ್ಪಾಗಿಸುವವರಿದ್ದಾರೆ. ಜಪಾನಿನ ತೊಯೊದ ಮಸಾಶಿ ೧೯೯೩ರಲ್ಲಿ ಬರೆದ ‘ಎಸ್‌ಎಲ್’ ಎಂಬ ತಂತ್ರಾಂಶ ಇವರಿಗೆ ಮದ್ದು: ತಿರುಗಿಸಿ ಬರೆದೊಡನೆ ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅಕ್ಷರಗಳಲ್ಲಿ ಮಾಡಿದ ಉಗಿಬಂಡಿಯೊಂದು ಹೊಗೆಯುಗುಳುತ್ತ ಸಾಗುತ್ತದೆ. ಅದು ದಾಟಿಹೋಗುವವರೆಗೆ ರೈಲ್ವೆ ಗೇಟಿನಲ್ಲಿ ನಿಂತವರಂತೆ ಕಾಯಬೇಕು.

ಕೊನೆಯದಾಗಿ, ಕನ್ನಡಿಗರಿಗೆ ಸಂಬಂಧಪಟ್ಟ ಒಂದು ಮಾತು. ಅಲಿಯಾಸಿನ ಹೆಸರು ಇಂಗ್ಲಿಷಿನಲ್ಲೇ ಇರಬೇಕೆಂದು ಬ್ಯಾಷಿನ ನಿಯಮವೇನೂ ಇಲ್ಲ. ಓರೆಗೆರೆ, ಸಮ ಚಿಹ್ನೆ ಮೊದಲಾದ ಕೆಲವು ಗುರುತುಗಳನ್ನು ಬಿಟ್ಟರೆ ಬೇರೆ ಅಕ್ಷರಗಳಿಗೆ ಅಡ್ಡಿಯಿಲ್ಲ. ‘ಎಲ್‌ಎಸ್’ಗೆ ಕನ್ನಡದ ಲಿಪಿಯಲ್ಲಿಯೇ ‘ಪಟ್ಟಿ’ ಎಂದು ಹೆಸರಿಡಬಹುದು, ‘ಎಂವಿ’ಗೆ ‘ಸಾಗಿಸು’ ಎನ್ನಬಹುದು. ಈ ಹೆಸರುಗಳು ಹಿಂದಿನ ಯಾವ ಆಜ್ಞೆಯನ್ನೂ ಮುಚ್ಚುವುದಿಲ್ಲವಾದ್ದರಿಂದ ನಾನು ಮೇಲೆ ಹೇಳಿದ ಆಕ್ಷೇಪಣೆ ಇವಕ್ಕೆ ತಗಲುವುದಿಲ್ಲ. ಮೂಲ ಹೆಸರನ್ನು ಕಲಿತ ಮೇಲೆ ಇಟ್ಟುಕೊಂಡರಂತೂ ಇವುಗಳಷ್ಟು ನಿರ್ದೋಷವಾದ ಅಡ್ಡಹೆಸರುಗಳೇ ಇಲ್ಲ. ತೊಂದರೆ ಬೇರೆ ಕಡೆಯಲ್ಲಿದೆ. ಒಂದೊಂದು ಅಕ್ಷರಕ್ಕೂ ಒಂದೇ ಅಗಲದ ಮನೆ ಕೊಡುವ ಈ ಪರದೆಗಳಲ್ಲಿ ಹಲವು ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸಲಾರವು. ‘ಪಟ್ಟಿ’ಯ ಒತ್ತು ಎಲ್ಲೋ, ಗುಡಿಸು ಎಲ್ಲೋ ಆಗುವುದುಂಟು. ಒಂದು ಪದಕ್ಕಾಗಿ ಕೀಲಿಮಣೆಯ ಭಾಷೆಯನ್ನು ಬದಲಿಸಿ ಮತ್ತೆ ಹಿಂದಿರುಗುವ ಶ್ರಮದಲ್ಲಿ ಉಳಿತಾಯವೆಲ್ಲ ಕರಗಿಹೋಗುತ್ತದೆ. ಅಲ್ಲಿಯವರೆಗೆ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿಟ್ಟುಕೊಂಡರೂ, ಪ್ರತಿಯೊಂದು ಅಲಿಯಾಸಿನ ಪಕ್ಕದಲ್ಲಿ ಅದನ್ನು ಏಕೆ ಇಟ್ಟೆವು, ಅದರ ಪೂರ್ಣ ರೂಪದ ಒಂದೊಂದು ಅಕ್ಷರಕ್ಕೂ ಏನರ್ಥ ಎಂಬ ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆದಿಡಬಹುದು. ಸಂಖ್ಯಾಸೂಚಕ ಚಿಹ್ನೆಯೊಂದನ್ನು ಹಾಕಿ ಅದರ ಮುಂದೆ ಏನು ಬರೆದರೂ ಷೆಲ್ ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ.